ಅಟ್ಟದ ಪದಕದಿಂದ ಬತ್ತೇರಿಯ ಫಿರಂಗಿ ಕಿಂಡಿಯವರೆಗೆ: ಮಂಗಳೂರು–ಉಡುಪಿಯ ಯುದ್ಧಚರಿತ್ರೆ ಆಸಕ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಯಾವ ಉತ್ತರವನ್ನೂ ಬಿಡಿಯಾಗಿ ಓದಬಹುದು.

## ನೋಡಲು ಹೊರಟವರಿಗೆ

ಮಂಗಳೂರು, ಉಡುಪಿಯಲ್ಲಿ ಯುದ್ಧಕ್ಕೆ ಸಂಬಂಧಪಟ್ಟದ್ದು ನೋಡಲಿಕ್ಕೆ ಏನುಂಟು? ಒಂದು ದಿನದಲ್ಲಿ ಆಗ್ತದಾ?

ಮಂಗಳೂರು ಪೇಟೆಯದ್ದು ಒಂದು ದಿನದಲ್ಲಿ ಆಗುತ್ತದೆ. ಉಡುಪಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಬೆಳಿಗ್ಗೆ ಬಿಸಿಲೇರುವ ಮೊದಲು ಬೋಳೂರಿನ ಸುಲ್ತಾನ್ ಬತ್ತೇರಿ ಮುಗಿಸಿ. ಅಲ್ಲಿಂದ ಬಾವುಟಗುಡ್ಡೆಗೆ ಬನ್ನಿ. 1837ರ ಅಮರ ಸುಳ್ಯ ದಂಗೆಯಲ್ಲಿ ಕಂಪೆನಿ ಸರಕಾರದ ವಿರುದ್ಧ ಎದ್ದ ರೈತರು ಏಪ್ರಿಲ್ 5ರಂದು ಇಲ್ಲೇ ತಮ್ಮ ಬಾವುಟ ಹಾರಿಸಿದರು. ಮಂಗಳೂರು 13 ದಿನ ಅವರ ಕೈಯಲ್ಲಿತ್ತು. ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ನಿಂತಿತು. ಅದೇ ಗುಡ್ಡದಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಸಂಗ್ರಹಾಲಯವಿದೆ. 1913ರಲ್ಲಿ ಆರಂಭವಾದದ್ದು. ನಾಣ್ಯ, ಹಳೆ ನೋಟುಗಳ ಮೇಲೆ ಆಸಕ್ತಿ ಇದ್ದವರಿಗೆ ಅಲ್ಲಿ ಒಂದು ಗಂಟೆ ಸಾಲುವುದಿಲ್ಲ.

ಮಧ್ಯಾಹ್ನ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಕಟ್ಟಡವೇ ಹಡಗಿನ ಆಕಾರದ್ದು. ಶಸ್ತ್ರವೈದ್ಯರಾಗಿದ್ದ ಕರ್ನಲ್ ವಿ. ಆರ್. ಮಿರಜ್ಕರ್ ತಾಯಿಯ ನೆನಪಿಗೆ ಸರಕಾರಕ್ಕೆ ಬಿಟ್ಟುಕೊಟ್ಟ ಮನೆ ಇದು, 1960ರಲ್ಲಿ ಸಂಗ್ರಹಾಲಯವಾಯಿತು. ಸೋಮವಾರ ಮತ್ತು ಸರಕಾರಿ ರಜೆಯ ದಿನ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಸಂಜೆ ಕದ್ರಿಯ ಯುದ್ಧ ಸ್ಮಾರಕ. ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಹೋದರೆ ಊರಿನ ಮಾಜಿ ಸೈನಿಕರು ಮಾತಿಗೆ ಸಿಗುತ್ತಾರೆ. ಯಾವ ಗಾಜಿನ ಕಪಾಟಿನಲ್ಲೂ ಇಲ್ಲದ ಸಂಗತಿ ಅಲ್ಲಿ ಕಿವಿಗೆ ಬೀಳುತ್ತದೆ.

ಉಡುಪಿ ಕಡೆಗೆ ಹೋದರೆ ಬಾರ್ಕೂರಿನ ಕೋಟೆಯ ಅವಶೇಷ ನೋಡಿ. ಮಲ್ಪೆಯ ಎದುರಿನ ದರಿಯಾ ಬಹದ್ದೂರ್‌ಗಡ ಬಿದನೂರಿನ ಬಸವಪ್ಪ ನಾಯಕ ಕಟ್ಟಿಸಿದ ದ್ವೀಪದ ಕೋಟೆ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿ ಇಲ್ಲಿಗೆ ಹೋಗುವುದಿಲ್ಲ, ದಡದಿಂದಲೇ ನೋಡಿ ತೃಪ್ತಿಪಡಬೇಕು.

ಸುಲ್ತಾನ್ ಬತ್ತೇರಿ ಇಷ್ಟು ಸಣ್ಣದಾ? ಇದನ್ನಾ ಕೋಟೆ ಅನ್ನುವುದು?

ಅದು ಕೋಟೆ ಅಲ್ಲ, ಕಾವಲು ಬುರುಜು. ಫಿರಂಗಿಗಳನ್ನು ಹೂಡುವ ತಾಣಕ್ಕೆ ಇಂಗ್ಲಿಷಿನಲ್ಲಿ ಬ್ಯಾಟರಿ ಅನ್ನುತ್ತಾರೆ, ನಮ್ಮ ಬಾಯಲ್ಲಿ ಬತ್ತೇರಿ ಆಯಿತು. ಗುರುಪುರ ನದಿಯ ಮೂಲಕ ಶತ್ರುವಿನ ಹಡಗು ಒಳಗೆ ನುಗ್ಗದಂತೆ ನೋಡಿಕೊಳ್ಳುವುದೇ ಅದರ ಕೆಲಸ.

ಮಂಗಳೂರಿನ ನಿಜವಾದ ಕೋಟೆ ಬೇರೆ ಇತ್ತು. 1783ರ ಮಾರ್ಚ್‌ನಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಪಡೆ ಅದನ್ನು ಹಿಡಿಯಿತು. ಮೇ 20ರಿಂದ ಟಿಪ್ಪು ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ, ಹೊರಗೆ ಮೈಸೂರಿನವರ ಜೊತೆ ಫ್ರೆಂಚರು. ಯುರೋಪಿನಲ್ಲಿ ಶಾಂತಿ ಒಪ್ಪಂದವಾಯಿತೆಂಬ ಸುದ್ದಿ ತಲುಪಿದೊಡನೆ ಫ್ರೆಂಚರು ಕೈಬಿಟ್ಟರು, ಆಗಸ್ಟ್ 2ರಂದು ಕದನವಿರಾಮವಾಯಿತು. ಆದರೆ ಕೋಟೆಗೆ ಬೇಕಾದಷ್ಟು ಆಹಾರ ಹೋಗಲಿಲ್ಲ. ಹಸಿವು ಮತ್ತು ಕಾಯಿಲೆಯಿಂದ ಸೋತು 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಒಪ್ಪಿಸಿದ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಆಮೇಲೆ ಟಿಪ್ಪು ಆ ಕೋಟೆಯನ್ನು ಕೆಡವಿಸಿದ, ಅದೇ ವರ್ಷ ನದಿಬದಿಯಲ್ಲಿ ಬತ್ತೇರಿ ಕಟ್ಟಿಸಿದ. ಇಷ್ಟು ತಿಳಿದು ಮೆಟ್ಟಿಲು ಹತ್ತಿದರೆ ಅದು ಸಣ್ಣದಾಗಿ ಕಾಣುವುದಿಲ್ಲ.

ಮೇಲೆ ನಿಂತು ಫಿರಂಗಿ ಕಿಂಡಿಗಳನ್ನು ಒಂದೊಂದಾಗಿ ನೋಡಿ. ಪ್ರತಿ ಕಿಂಡಿಯಿಂದ ನದಿಯ ಎಷ್ಟು ಭಾಗ ಕಾಣುತ್ತದೆ, ಪಕ್ಕದ ಕಿಂಡಿಯ ನೋಟ ಅದರೊಂದಿಗೆ ಎಲ್ಲಿ ಕೂಡುತ್ತದೆ ಎಂದು ಬೆರಳಿನಲ್ಲಿ ಗುರುತು ಹಾಕಿದರೆ ಹಡಗಿಗೆ ತಪ್ಪಿಸಿಕೊಳ್ಳಲು ಎಡೆ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಅಡಿಯಲ್ಲಿರುವುದು ಮದ್ದಿನ ಕೋಣೆ. ಮದ್ದು ಒಣಗಿರಬೇಕು, ಕಿಡಿ ತಾಗಬಾರದು, ಫಿರಂಗಿಗೆ ಹತ್ತಿರವೂ ಇರಬೇಕು. ಈ ಮೂರೂ ಒಟ್ಟಿಗೆ ಬೇಕಾದಾಗ ಜಾಗ ಉಳಿಯುವುದು ಅಡಿಯಲ್ಲೇ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಆ ಮುತ್ತಿಗೆಯಲ್ಲಿ ಕೋಟೆಯೊಳಗಿದ್ದ ಮುಂಬಯಿ ಸಿಪಾಯಿಗಳ ಪಡೆಯ ಪರಂಪರೆ ಈಗ ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನಲ್ಲಿದೆ. ಅವರ ಹಳೆಯ ಯುದ್ಧ ಗೌರವಗಳಲ್ಲಿ ‘ಮಂಗಳೂರು’ ಎಂಬ ಹೆಸರೂ ಸೇರಿದೆ.

ಗಡಾಯಿಕಲ್ಲು ಹತ್ತಲಿಕ್ಕೆ ಯಾವ ತಿಂಗಳು ಒಳ್ಳೆಯದು? ಮೇಲೆ ಏನಾದರೂ ಉಳಿದಿದೆಯಾ?

ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಕಲ್ಲಿನ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಆಗ ಹತ್ತಲು ಬಿಡುವುದಿಲ್ಲ. ಜಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದರಿಂದ ಅರಣ್ಯ ಇಲಾಖೆಗೆ ಶುಲ್ಕ ಕಟ್ಟಿ ಹೋಗಬೇಕು. ಮಂಗಳೂರಿನಿಂದ ಬೆಳ್ತಂಗಡಿ ದಾರಿಯಲ್ಲಿ ಸುಮಾರು 65 ಕಿ.ಮೀ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಬುಡದಲ್ಲಿರಿ, ತಲೆಗೆ ಎರಡು ಲೀಟರ್ ನೀರು ಇರಲಿ. ಬಂಡೆ ಕಾದ ಮೇಲೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

1794ರಲ್ಲಿ ಟಿಪ್ಪು ಇಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಕರೆದ. ಗೋಡೆಗಳ ತುಂಡು, ಮಳೆನೀರಿನ ಕೆರೆ, ಒಂದು ಒಂಟಿ ಫಿರಂಗಿ ಉಳಿದಿವೆ. ಆ ಫಿರಂಗಿಯ ಮೇಲೆ ಕೂತು ಪಟ ತೆಗೆಯಬೇಡಿ.

ನಿಜವಾದ ಯುದ್ಧ ಹಡಗು, ವಿಮಾನ ಹತ್ತಿರದಲ್ಲಿ ಎಲ್ಲಿ ನೋಡಬಹುದು?

ಹಡಗಿಗೆ ಕಾರವಾರ. ಟಾಗೋರ್ ಕಡಲತೀರದಲ್ಲಿ ಐ.ಎನ್.ಎಸ್. ಚಪಲ್ ಎಂಬ ಕ್ಷಿಪಣಿ ದೋಣಿಯ ಒಳಗೇ ಹೋಗಿ ನೋಡಬಹುದು. 1971ರ ಡಿಸೆಂಬರಿನಲ್ಲಿ ಕರಾಚಿಗೆ ಹೊಡೆದದ್ದು ಇದೇ ಹಡಗು ಎಂದು ಬಹಳ ಮಂದಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಅದು ತಪ್ಪು. ಚಪಲ್ ನೌಕಾಪಡೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದವು ಇದೇ ಜಾತಿಯ ಹಿಂದಿನ ತಲೆಮಾರಿನ ದೋಣಿಗಳು.

ವಿಮಾನಕ್ಕೆ ಬೆಂಗಳೂರಿನ ಎಚ್.ಎ.ಎಲ್. ಸಂಗ್ರಹಾಲಯ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ‘ಸನ್ನಿ ಸೈಡ್’ ಮನೆ 2021ರಿಂದ ಸಂಗ್ರಹಾಲಯವಾಗಿದೆ. ಮೈಸೂರಿನ ಕಬ್ಬಿಣದ ರಾಕೆಟ್ಟುಗಳನ್ನು ನೋಡಬೇಕೆಂದಿದ್ದರೆ ಘಟ್ಟ ಹತ್ತಿ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯಕ್ಕೆ ಹೋಗಿ.

ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನಲ್ಲಿ ಅಂತಾರಲ್ಲ, ಹೌದಾ?

ಅರ್ಧ ಹೌದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ನೇಕಾರ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದು ಬಲ್ಮಠದ ನೇಯ್ಗೆ ಶಾಲೆ ಕಟ್ಟಿದರು, ಅಲ್ಲಿ ಅವರು ಖಾಕಿ ಬಣ್ಣ ಕಂಡುಹಿಡಿದರು ಎಂಬುದು ಮಿಶನ್ನಿನ ಪರಂಪರೆಯ ಮಾತು. ಆದರೆ ಅದಕ್ಕೂ ಮೊದಲು, 1840ರ ದಶಕದ ಕೊನೆಗೆ, ಪೇಶಾವರದ ಕಡೆಯ ‘ಗೈಡ್ಸ್’ ಎಂಬ ಬ್ರಿಟಿಷ್ ಇಂಡಿಯಾದ ಪಡೆ ಮಣ್ಣಿನ ಬಣ್ಣದ ಸಮವಸ್ತ್ರ ತೊಡುತ್ತಿತ್ತು. ಹೆಸರಿನ ಬೇರೂ ಇಲ್ಲಿನದ್ದಲ್ಲ, ಪಾರಸಿಯ ‘ಖಾಕ್’ ಎಂದರೆ ಧೂಳು. ಹಾಗಾಗಿ ಖಾಕಿ ಸಮವಸ್ತ್ರ ಮಂಗಳೂರಿನದ್ದಲ್ಲ. ಖಾಕಿ ಬಟ್ಟೆಯನ್ನು ಒಂದೇ ಹದದಲ್ಲಿ ಬಣ್ಣ ಕಟ್ಟಿ ನೇಯುವ ಕೆಲಸದಲ್ಲಿ ಮಂಗಳೂರಿಗೆ ದೊಡ್ಡ ಪಾಲಿದೆ ಎಂದರೆ ಸರಿಯಾದೀತು.

## ಅಟ್ಟದಲ್ಲಿ, ಟ್ರಂಕಿನಲ್ಲಿ ಸಿಕ್ಕಿದ್ದು

ಅಜ್ಜ ಮಿಲಿಟರಿಯಲ್ಲಿದ್ದರು. ಪೆಟ್ಟಿಗೆಯಲ್ಲಿ ನಾಲ್ಕು ಪದಕ ಸಿಕ್ಕಿವೆ. ಯಾವುದು ಯಾವುದಕ್ಕೆ ಅಂತ ತಿಳಿಯುವುದು ಹೇಗೆ?

ಮೊದಲು ಪದಕದ ಮುಖ ನೋಡಬೇಡಿ, ಅಂಚು ನೋಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ನಂಬರು, ದರ್ಜೆ, ಹೆಸರು, ಪಡೆ ಈ ಕ್ರಮದಲ್ಲಿ ಸಣ್ಣ ಅಕ್ಷರಗಳು ಅಚ್ಚಾಗಿರಬಹುದು. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಕೊಟ್ಟವುಗಳಲ್ಲಿ ಹೆಸರು ಇರುವುದುಂಟು. ಇದು ನಮ್ಮ ಭಾಗ್ಯ. ಮೊದಲ ಮಹಾಯುದ್ಧದ ನಕ್ಷತ್ರ ಪದಕಕ್ಕೆ ಮಾತ್ರ ಹೆಸರು ಅಂಚಿನಲ್ಲಲ್ಲ, ಬೆನ್ನಿನಲ್ಲಿ.

ಅಂಚಿನ ಅಕ್ಷರ ಕಣ್ಣಿಗೆ ನಿಲುಕದಿದ್ದರೆ ಉಜ್ಜಬೇಡಿ. ಮೊಬೈಲಿನ ಬೆಳಕನ್ನು ಒಂದು ಪಕ್ಕದಿಂದ ಬಿಟ್ಟು, ಇನ್ನೊಂದು ಮೊಬೈಲಿನಲ್ಲಿ ಅಂಚಿನ ಎಂಟು ಪಟ ತೆಗೆದು ದೊಡ್ಡದು ಮಾಡಿ ಓದಿ. ಎಸ್.ಪಿ.ಆರ್. ಎಂದರೆ ಸ್ಯಾಪರ್ (ಸೇನೆಯ ಇಂಜಿನಿಯರಿಂಗ್ ಪಡೆಯ ಸಿಪಾಯಿ), ಜೆ.ಇ.ಎಂ. ಎಂದರೆ ಜಮಾದಾರ್, ಆರ್.ಐ.ಎ.ಎಸ್.ಸಿ. ಎಂದರೆ ಸಾಮಾನು ಸಾಗಿಸುವ ಸರ್ವಿಸ್ ಕೋರ್, ಐ.ಪಿ.ಸಿ. ಎಂದರೆ ಪಯೋನಿಯರ್ ಕೋರ್.

ಆಮೇಲೆ ರೂಪ. ಬೆಳ್ಳಿಯದಾಗಿದ್ದು ಹಿಂಬದಿಯಲ್ಲಿ ಕುದುರೆಯ ಮೇಲೆ ಬೆತ್ತಲೆ ಸವಾರನಿದ್ದರೆ ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ರೆಕ್ಕೆಯ ದೇವತೆ ಇದ್ದು ರಿಬ್ಬನ್ ಕಾಮನಬಿಲ್ಲಿನಂತಿದ್ದರೆ ವಿಕ್ಟರಿ ಮೆಡಲ್. ಆರು ಮೂಲೆಯ ಹಳದಿ ಲೋಹದ ನಕ್ಷತ್ರಗಳು ಎರಡನೇ ಯುದ್ಧದವು. ನಡುವೆ ಕೆಂಪು, ಎರಡು ಬದಿಯ ಕಡುನೀಲಿಯೊಳಗೆ ಕಿತ್ತಳೆ ಗೆರೆ ಇದ್ದರೆ ಬರ್ಮಾ ಸ್ಟಾರ್. ಕೆಂಪು-ಬಿಳಿ-ಹಸಿರು-ಬಿಳಿ-ಕೆಂಪು ಇಟಲಿಯದು. ಭಾರತದ ನಕ್ಷೆ ಇರುವ ಬಿಳಿ ಲೋಹದ್ದು ಇಂಡಿಯಾ ಸರ್ವಿಸ್ ಮೆಡಲ್, ಸಿಂಹ ಎರಡು ತಲೆಯ ಡ್ರ್ಯಾಗನ್ನನ್ನು ಮೆಟ್ಟಿ ನಿಂತದ್ದು ವಾರ್ ಮೆಡಲ್ 1939–45. ಸ್ವಾತಂತ್ರ್ಯಾನಂತರದವುಗಳಲ್ಲಿ ಹೆಚ್ಚಾಗಿ ಸಿಗುವವು 1965ರ ರಕ್ಷಾ ಮೆಡಲ್, 1971ರ ಸಂಗ್ರಾಮ ಮೆಡಲ್, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್.

ರಿಬ್ಬನನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರಬೇಡಿ. ಹರಿದಾಗ ಮನೆಯವರು ಸಿಕ್ಕಿದ ರಿಬ್ಬನ್ ಹೊಲಿದಿರುತ್ತಾರೆ.

ಕಪ್ಪಾಗಿದೆ. ಹುಳಿ ಹಾಕಿ ಉಜ್ಜಿದರೆ ಹೊಳಪು ಬರ್ತದಲ್ಲ?

ದಯವಿಟ್ಟು ಬೇಡ. ದೀಪ, ಕೊಡಪಾನಕ್ಕೆ ಹುಣಸೆಹುಳಿ ಸರಿ, ಪದಕಕ್ಕೆ ಅಲ್ಲ. ಹುಳಿಯ ಆಮ್ಲ ಕಪ್ಪನ್ನು ಮಾತ್ರವಲ್ಲ, ಕೆಳಗಿನ ಲೋಹದ ಪದರವನ್ನೂ ತಿನ್ನುತ್ತದೆ. ಅಂಚಿನ ಅಕ್ಷರಗಳ ಆಳ ತೀರಾ ಕಡಿಮೆ. ವರ್ಷಕ್ಕೊಮ್ಮೆ ಆಯುಧಪೂಜೆಗೆಂದು ಉಜ್ಜಿದರೆ ಇಪ್ಪತ್ತು ವರ್ಷದಲ್ಲಿ ಅಜ್ಜನ ಹೆಸರು ಅಳಿಸಿಹೋಗುತ್ತದೆ, ಹೆಸರು ಹೋದ ಪದಕಕ್ಕೂ ಗುಜರಿಯ ಬಿಲ್ಲೆಗೂ ವ್ಯತ್ಯಾಸ ಉಳಿಯುವುದಿಲ್ಲ. ಬ್ರಾಸೊ ಎಂಬ ಲೋಹದ ಪಾಲಿಶ್ ಕೂಡ ಅಷ್ಟೇ, ಅದರೊಳಗೆ ಉಜ್ಜುವ ಪುಡಿ ಇದೆ. ಅದು ಅಕ್ಷರದ ಸಂದಿಯಲ್ಲಿ ಬಿಳಿಯಾಗಿ ಕೂತು ತೇವ ಹೀರುತ್ತದೆ.

ಮಾಡಬಹುದಾದದ್ದು ಇಷ್ಟೇ: ರಿಬ್ಬನ್ ಬಿಚ್ಚಿ, ಮೆತ್ತಗಿನ ಬ್ರಷ್‌ನಲ್ಲಿ ಧೂಳು ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಬೆರಳಿನ ಬೆವರಿನಲ್ಲಿ ಉಪ್ಪಿದೆ, ಆದ್ದರಿಂದ ಅಂಚು ಹಿಡಿದೇ ಎತ್ತಿ. ಕಪ್ಪು ಇರಲಿ. ಅದು ಲೋಹದ ಮೇಲಿನ ಹೊದಿಕೆ.

ಹಸಿರು ಪುಡಿ ಮಾತ್ರ ಬೇರೆ ವಿಷಯ. ಒರೆಸಿದರೂ ಕೆಲವು ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ತಿಳಿಹಸಿರು ಪುಡಿ ಉದುರಿದರೆ ಲೋಹದೊಳಗೆ ಉಪ್ಪು ಸೇರಿ ಕೆಲಸ ನಡೆಸಿದೆ ಎಂದರ್ಥ. ಆ ಪದಕವನ್ನು ಉಳಿದವುಗಳಿಂದ ಬೇರೆ ಮಾಡಿ, ಒಣಗಿದ ಡಬ್ಬದಲ್ಲಿಟ್ಟು ಸಂಗ್ರಹಾಲಯದ ರಾಸಾಯನಿಕ ತಜ್ಞರಿಗೆ ತೋರಿಸಿ.

ನಮ್ಮ ಮನೆ ಕಡಲಿಗೆ ಹತ್ತಿರ. ಮಳೆಗಾಲದಲ್ಲಿ ಎಲ್ಲದಕ್ಕೂ ಬೂಷ್ಟು. ಹೇಗೆ ಇಡುವುದು?

ಕರಾವಳಿಯಲ್ಲಿ ವಸ್ತುಗಳನ್ನು ಕೊಲ್ಲುವುದು ಕಾಲ ಅಲ್ಲ, ತೇವ ಮತ್ತು ಉಪ್ಪಿನ ಗಾಳಿ. ಅದಕ್ಕೆ ಗಾಳಿಯಾಡದ ಡಬ್ಬವೇ ಮದ್ದು.

ರಬ್ಬರ್ ಸುತ್ತಿರುವ, ಒತ್ತಿ ಮುಚ್ಚುವ 10 ಲೀಟರಿನ ಅಡುಗೆ ಡಬ್ಬ ತೆಗೆದುಕೊಳ್ಳಿ. ಅದಕ್ಕೆ 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ಲನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕಿ. ತೇವ ತೋರಿಸುವ ಪುಟ್ಟ ಮೀಟರೊಂದನ್ನು ಒಳಗಿಡಿ. ಬರೀ ಲೋಹಕ್ಕೆ ತೇವಾಂಶ ಶೇ. 40ರ ಒಳಗಿರಲಿ. ಕಾಗದ, ರಿಬ್ಬನ್, ಚರ್ಮ ಅಷ್ಟು ಒಣಗಿದರೆ ಪೆಡಸಾಗುತ್ತವೆ, ಅವಕ್ಕೆ ಬೇರೆ ಡಬ್ಬ, ಶೇ. 45–55. ಜೂನಿನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ನೋಡಿ. ಕಿತ್ತಳೆ ಬಣ್ಣ ಹೋಗಿ ಹಸಿರಾದರೆ ಜೆಲ್ ತುಂಬಿದೆ. ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಡಬ್ಬವನ್ನು ಮಳೆ ಬರುವಾಗ ತೆರೆಯಬೇಡಿ.

ಮೃದುವಾದ, ವಾಸನೆ ಬರುವ ಪ್ಲಾಸ್ಟಿಕ್ ಕವರು ಬೇಡ. ಅದು ಪಿ.ವಿ.ಸಿ.; ಕಾಲಕ್ರಮೇಣ ಆಮ್ಲ ಬಿಟ್ಟು ತಾಮ್ರದ ಮೇಲೆ ಹಸಿರು ಅಂಟು ಕೂರಿಸುತ್ತದೆ. ಪಾಲಿಥೀನ್ ಜಿಪ್ ಕವರು ಪರವಾಗಿಲ್ಲ. ರಬ್ಬರ್ ಬ್ಯಾಂಡ್, ಹಳೆ ಪೇಪರು, ನುಸಿಗುಳಿಗೆ ಇವು ಮೂರನ್ನೂ ಹೊರಗಿಡಿ. ಕತ್ತಿಯನ್ನು ಚರ್ಮದ ಒರೆಯೊಳಗೆ ಇಡುವುದು ದೊಡ್ಡ ತಪ್ಪು, ಚರ್ಮ ತೇವವನ್ನು ಹಿಡಿದು ಅಲಗಿಗೇ ತಾಗಿಸಿ ಇಡುತ್ತದೆ. ಒರೆ ಬೇರೆ, ಕತ್ತಿ ಬೇರೆ.

ಅಜ್ಜ ಎಲ್ಲಿ, ಯಾವ ಪಡೆಯಲ್ಲಿದ್ದರು ಅಂತ ದಾಖಲೆ ಸಿಗ್ತದಾ?

ಹೆಚ್ಚಿನವರು ಹುಡುಕುವುದೇ ತಪ್ಪು ಕಡೆ. 1956ರವರೆಗೆ ಮಂಗಳೂರು–ಉಡುಪಿ ಮೈಸೂರು ರಾಜ್ಯದಲ್ಲಿರಲಿಲ್ಲ, ಮದ್ರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಹಾಗಾಗಿ ಹಳೆಯ ಜಿಲ್ಲಾ ಕಾಗದಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ ನೋಡಬೇಕು, ಪಡೆಯ ಹೆಸರಿನಲ್ಲೂ ‘ಮದ್ರಾಸ್’ ಇರುವ ಸಾಧ್ಯತೆ ಹೆಚ್ಚು. ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಸೌತ್ ಕೆನರಾ ಎಂದು ಬರೆಯುವಾಗ ಮೊದಲಕ್ಷರ ಸಿ ಕೂಡ ಇರುತ್ತದೆ, ಕೆ ಕೂಡ ಇರುತ್ತದೆ. ಎರಡರಲ್ಲೂ ಹುಡುಕಿ.

ಕೈಗೆ ಬೇಕಾದದ್ದು ಸೈನಿಕ ನಂಬರು. ಪದಕದ ಅಂಚು, ಡಿಸ್‌ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಇವುಗಳಲ್ಲಿ ಒಂದರಲ್ಲಾದರೂ ಸಿಗುತ್ತದೆ. ನಂಬರು ಸಿಕ್ಕಿದರೆ ಆಯಾ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಿರಿ: ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಮರಾಠಾ ಲಘು ಪದಾತಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್, ಪಯೋನಿಯರ್, ಸರ್ವಿಸ್ ಕೋರ್ ಈ ಮೂರಕ್ಕೂ ಬೆಂಗಳೂರು. ಪತ್ರದಲ್ಲಿ ನಂಬರು, ಪೂರ್ತಿ ಹೆಸರು, ತಂದೆಯ ಹೆಸರು, ಊರು, ಸೇರಿದ ಅಂದಾಜು ವರ್ಷ, ನಿಮ್ಮ ಸಂಬಂಧದ ಪುರಾವೆ ಇರಲಿ. ಹೆಸರಿನ ಕಾಗುಣಿತ ಕಚೇರಿಯ ಗುಮಾಸ್ತರ ಕಿವಿಗೆ ಕೇಳಿಸಿದಂತೆ ಇರುತ್ತದೆ. ಶೆಟ್ಟಿ, ಪೂಜಾರಿ, ಡಿಸೋಜರಂಥ ಹೆಸರಿಗೆ ಮೂರು ನಾಲ್ಕು ರೂಪ ಬರೆದು ಕಳಿಸಿ. ದಾರಿ ತಿಳಿಯದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿ.

ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ಉಚಿತ. ಅವಿಭಜಿತ ಭಾರತದವರ ಹೆಸರೂ ಅದರಲ್ಲಿದೆ.

ಡಿಸ್‌ಚಾರ್ಜ್ ಸರ್ಟಿಫಿಕೇಟ್ ಹರಿಯುತ್ತಿದೆ. ಲ್ಯಾಮಿನೇಟ್ ಮಾಡಿಸಲಾ?

ಮಾಡಿಸಬೇಡಿ, ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. 600 ಡಿಪಿಐಯಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಮೂಲವನ್ನು ಮಡಚದೆ ಪಾಲಿಯೆಸ್ಟರ್ ಕವರಿನಲ್ಲಿಡಿ. ಸೆಲ್ಲೋಟೇಪು ಹಚ್ಚಬೇಡಿ.

## ಆಯುಧ ಮತ್ತು ಕಾನೂನು

ಮನೆಯಲ್ಲಿ ಹಳೆ ಕತ್ತಿ, ಕೋವಿ ಉಂಟು. ಲೈಸನ್ಸ್ ಬೇಕಾ?

ಕೋವಿ ಎಷ್ಟೇ ಹಳೆಯದಾಗಿರಲಿ, ಮದ್ದು ತುಂಬಿ ಹೊಡೆಯಲು ಬರುವಂತಿದ್ದರೆ ಲೈಸನ್ಸ್ ಬೇಕು. ಹಳೆಯ ಮಾದರಿಯ, ಅಥವಾ ಕೆಟ್ಟುಹೋಗಿ ದುರಸ್ತಿ ಮಾಡಿದರೂ ಬಂದೂಕಾಗಿ ಉಪಯೋಗಕ್ಕೆ ಬಾರದ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಉಪಯೋಗಕ್ಕೆ ಬಾರದು ಎಂದು ನೀವೇ ತೀರ್ಮಾನಿಸುವಂತಿಲ್ಲ. ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಪರಿಶೀಲನೆ ಮಾಡಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಹೊತ್ತುಕೊಂಡು ಠಾಣೆಗೆ ಹೋಗುವ ಬದಲು ಮೊದಲು ಪಟ ಮತ್ತು ಪತ್ರ ಸಾಕು. ಕೊಡಗಿನವರಿಗಿರುವ ವಿನಾಯಿತಿ ನಮ್ಮ ಜಿಲ್ಲೆಗಳಿಗೆ ಇಲ್ಲ.

ಕತ್ತಿಯನ್ನು ಮನೆಯಲ್ಲಿ ಇಡುವುದು ಬೇರೆ, ಮೆರವಣಿಗೆಯಲ್ಲಿ ಹಿಡಿಯುವುದು ಬೇರೆ. ಗುತ್ತಿನ ಮನೆಯ ಕಡ್ತಲೆ, ಗರಡಿಯ ಸುರಿಯ ಎಂಬ ಕತ್ತಿಗಳು ಪೂಜೆಯಲ್ಲಿರುವಂಥವು. ಅವನ್ನು ಸಂಗ್ರಹದ ಸಾಮಾನಿನಂತೆ ಕೇಳುವುದೂ ಸರಿಯಲ್ಲ, ಅಲಗು ಅಳೆಯಲು ಹೋಗುವುದೂ ಸರಿಯಲ್ಲ.

ಒಂದು ಪದಕವನ್ನು ವಿದೇಶದವರು ಒಳ್ಳೆ ಬೆಲೆಗೆ ಕೇಳ್ತಿದ್ದಾರೆ. ಅಂಚೆಯಲ್ಲಿ ಕಳಿಸಬಹುದಾ?

ನೂರು ವರ್ಷ ದಾಟಿದ್ದರೆ ಆಗುವುದಿಲ್ಲ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ತುಂಬಿದ ವಸ್ತು ಪುರಾವಸ್ತುವಾಗಬಹುದು, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದು ಅಪರಾಧ. ಮೊದಲ ಮಹಾಯುದ್ಧದ ಪದಕಗಳು ಈಗ ಆ ಗಡಿ ದಾಟಿವೆ. ದೇಶದೊಳಗೆ ವ್ಯಾಪಾರವಾಗಿ ಮಾರಲೂ ಲೈಸನ್ಸ್ ಬೇಕು. ಬೆಲೆಯ ಮಾತು ಬಿಡಿ, ನಾಲ್ಕು ಪದಕದ ಗುಂಪಿನಿಂದ ಒಂದನ್ನು ಕಿತ್ತು ಮಾರಿದರೆ ಒಬ್ಬ ಮನುಷ್ಯನ ಸೇವೆಯ ಕಥೆ ನಡುವೆ ಮುರಿಯುತ್ತದೆ, ಮತ್ತೆ ಕೂಡಿಸಲು ಆಗುವುದಿಲ್ಲ.

ಬಾವಿ ತೋಡುವಾಗ, ಅಡಿಪಾಯ ತೆಗೆಯುವಾಗ ಏನಾದರೂ ಸಿಕ್ಕಿದರೆ?

ಅಗೆತ ನಿಲ್ಲಿಸಿ. ವಸ್ತು ಇದ್ದಲ್ಲೇ ಇರಲಿ. ಪಕ್ಕದಲ್ಲಿ ಅಳತೆಕೋಲು ಇಟ್ಟು ಪಟ ತೆಗೆಯಿರಿ, ನೆಲಮಟ್ಟದಿಂದ ಎಷ್ಟು ಅಡಿ ಆಳ, ಮೇಲಿನ ಮಣ್ಣು ಯಾವುದು, ಮುರಕಲ್ಲಿನ ಪದರ ಎಲ್ಲಿ ಶುರು ಎಂದು ಬರೆಯಿರಿ. ಮೇಲೆತ್ತಿದ ಕ್ಷಣ ಈ ಮಾಹಿತಿ ಶಾಶ್ವತವಾಗಿ ಹೋಗುತ್ತದೆ. ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆ (1962) ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು, ಪುರಾತತ್ವ ಇಲಾಖೆಗೂ ಒಂದು ಪ್ರತಿ ಕೊಡಿ.

ತಿಳಿಸಿದ್ದರಿಂದ ಏನಾಗುತ್ತದೆ ಎನ್ನುವವರು ಹೊಸನಗರ ತಾಲೂಕಿನ ನಗರವನ್ನು ನೆನೆಯಲಿ. 2018ರಲ್ಲಿ ಅಲ್ಲಿನ ಒಂದು ಪಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಮೇಲೆ ಬಂದವು, ಉದ್ದ 23ರಿಂದ 26 ಸೆಂ.ಮೀ. ಬಾವಿಯ ಕೆಸರಿಗೆ ಮದ್ದಿನ ವಾಸನೆ ಇತ್ತು, ಅದೇ ಸುಳಿವಾಯಿತು. ಗುಜರಿಗೆ ಹೋಗಿದ್ದರೆ ಕಿಲೋ ಲೆಕ್ಕದಲ್ಲಿ ಕರಗಿಹೋಗುತ್ತಿತ್ತು.

ಸಿಕ್ಕಿದ್ದು ಶೆಲ್ಲು, ಗ್ರೆನೇಡು, ಬಾಲವಿರುವ ಕಬ್ಬಿಣದ ಕೊಳವೆಯಂತಿದ್ದರೆ ಮುಟ್ಟಬೇಡಿ, ನೀರು ಹಾಕಬೇಡಿ. ಜನರನ್ನು ದೂರ ಕಳಿಸಿ 112ಕ್ಕೆ ಕರೆ ಮಾಡಿ. ಹಳತಾದಷ್ಟೂ ಸಪ್ಪೆಯಾಗುತ್ತದೆ ಎಂಬುದು ಸುಳ್ಳು. ಸ್ಫೋಟಕ ಹಳತಾದರೆ ಅಲುಗಾಟಕ್ಕೇ ಸಿಡಿಯಬಹುದು.

## ಇನ್ನೂ ಆಳಕ್ಕೆ ಹೋಗುವವರಿಗೆ

ತೋಟದಲ್ಲಿ ಕಬ್ಬಿಣದ ಗುಂಡು ಸಿಕ್ಕಿದೆ. ಟಿಪ್ಪು ಕಾಲದ ಫಿರಂಗಿ ಗುಂಡಾ?

ಮೊದಲು ತೂತು ನೋಡಿ. ತೂತು ಅಥವಾ ಬಿರಡೆ ಇದ್ದರೆ ಅದು ಮದ್ದು ತುಂಬುವ ಟೊಳ್ಳು ಗುಂಡಿರಬಹುದು. ಕೈ ತೆಗೆದು 112ಕ್ಕೆ ಕರೆ ಮಾಡಿ.

ಗಟ್ಟಿ ಗುಂಡಾದರೆ ಅಳೆದು ತೂಗಿ. ವ್ಯಾಸವನ್ನು ಸೆಂ.ಮೀ.ಯಲ್ಲಿ ಮೂರು ಕಡೆಯಿಂದ ಅಳೆದು ಸರಾಸರಿ ತೆಗೆಯಿರಿ, ಅದರ ಘನ ತೆಗೆಯಿರಿ (9 ಆದರೆ 9 × 9 × 9), ಬಂದದ್ದನ್ನು 3.77ರಿಂದ ಗುಣಿಸಿ. ಎರಕದ ಕಬ್ಬಿಣಕ್ಕೆ ಎಷ್ಟು ಗ್ರಾಂ ಇರಬೇಕೆಂದು ಸಿಗುತ್ತದೆ. 9 ಸೆಂ.ಮೀ. ಗುಂಡಿಗೆ 729 ಗುಣಿಸು 3.77, ಅಂದರೆ ಸುಮಾರು 2,750 ಗ್ರಾಂ. ಇದು ಆರು ಪೌಂಡಿನ ಗುಂಡು. 11.2 ಸೆಂ.ಮೀ.ಗೆ 5.3 ಕಿಲೋ, ಹನ್ನೆರಡು ಪೌಂಡಿನದ್ದು. ಅದೇ 9 ಸೆಂ.ಮೀ. ಗುಂಡು 3 ಕಿಲೋ ತೂಗಿದರೆ ಉಕ್ಕಿನದ್ದು, ಕಾರ್ಖಾನೆಯ ಅರೆಯುವ ಯಂತ್ರದಿಂದ ಬಂದದ್ದು. ಲೆಕ್ಕಕ್ಕಿಂತ ತುಂಬಾ ಹಗುರವಾದರೆ ಒಳಗೆ ಟೊಳ್ಳಿದೆ, ಅಲ್ಲೇ ಬಿಟ್ಟು ದೂರ ಸರಿಯಿರಿ. ಸರಿಯಾಗಿ 7.26 ಕಿಲೋ ಇದ್ದರೆ ಕ್ರೀಡಾಕೂಟದ ಗುಂಡೆಸೆತದ ಗುಂಡು.

ಎರಕದ ಗುಂಡಿಗೆ ನಡುಸುತ್ತಿನಲ್ಲಿ ಅಚ್ಚಿನ ಗೆರೆ, ಎರಕ ಹೊಯ್ದ ಜಾಗದಲ್ಲಿ ಸಣ್ಣ ಚಪ್ಪಟೆ ಗುರುತು ಇರುತ್ತದೆ. ಇಷ್ಟೆಲ್ಲ ಹೊಂದಿದರೂ ಅದು ಯಾರ ಗುಂಡು ಎಂದು ಗುಂಡು ಹೇಳುವುದಿಲ್ಲ. ಹೈದರ್ 1763ರಲ್ಲಿ ಮಂಗಳೂರು ಹಿಡಿದ, 1768ರಲ್ಲಿ ಇಂಗ್ಲಿಷರು ತೆಗೆದುಕೊಂಡರು, ಅದೇ ವರ್ಷ ಹೈದರ್ ಮತ್ತೆ ಪಡೆದ, 1783ರಲ್ಲಿ ಮತ್ತೊಮ್ಮೆ ಕೈಬದಲು. ಒಂದೇ ಮಣ್ಣಿಗೆ ಎರಡೂ ಕಡೆಯ ಗುಂಡು ಬಿದ್ದಿದೆ.

ಮಲ್ಪೆಯಲ್ಲಿ ಬಲೆಗೆ ಹಳೆ ಕಬ್ಬಿಣ ಸಿಕ್ಕಿತ್ತು. ಬಿಸಿಲಿಗೆ ಒಣಗಿಸಿ ಇಟ್ಟರೆ ಪುಡಿಪುಡಿ ಆಯ್ತು ಮಾರಾಯ್ರೆ, ಯಾಕೆ?

ಒಣಗಿಸಿದ್ದೇ ಕಾರಣ. ಕಡಲ ತಳದಲ್ಲಿ ನೂರಾರು ವರ್ಷ ಬಿದ್ದ ಎರಕದ ಕಬ್ಬಿಣದಿಂದ ಕಬ್ಬಿಣ ಕರಗಿಹೋಗಿ ಮೆದು ಇಂಗಾಲದ ಚೌಕಟ್ಟು ಉಳಿದಿರುತ್ತದೆ, ಅದರ ಸಂದುಗಳಲ್ಲಿ ಉಪ್ಪಿನ ಕ್ಲೋರೈಡ್ ತುಂಬಿರುತ್ತದೆ. ನೀರು ಆರಿದಂತೆ ಗಾಳಿ ಒಳನುಗ್ಗುತ್ತದೆ, ಹೊಸ ತುಕ್ಕು ಹಿಗ್ಗುತ್ತದೆ, ಮೇಲಿನ ಪದರ ಈರುಳ್ಳಿ ಸಿಪ್ಪೆಯಂತೆ ಬಿಡುತ್ತದೆ. ಕಂದು ಹನಿಗಳು ಬೆವರಿನಂತೆ ಮೂಡಿದರೆ ಅದು ಮೊದಲ ಸೂಚನೆ.

ಇನ್ನೊಮ್ಮೆ ಸಿಕ್ಕಿದರೆ ಮೊದಲು ಸ್ಫೋಟಕ ಅಲ್ಲವೆಂದು ಖಾತರಿಯಾಗಬೇಕು, ಅನುಮಾನವಿದ್ದರೆ ಕರಾವಳಿ ಕಾವಲು ಪೊಲೀಸರ 1093ಕ್ಕೆ ತಿಳಿಸಿ. ವಸ್ತುವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ದಡಕ್ಕೆ ತನ್ನಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ಲೀಟರಿಗೆ 50 ಗ್ರಾಂ ಒಗೆಯುವ ಸೋಡಾ ಕರಗಿಸಿ ಪೂರ್ತಿ ಮುಳುಗಿಸಿಡಿ. ಸೋಡಾ ನೀರು ಕ್ಷಾರವಾದ್ದರಿಂದ ತುಕ್ಕನ್ನು ತಡೆದು ಕ್ಲೋರೈಡನ್ನು ನಿಧಾನ ಹೊರಗೆಳೆಯುತ್ತದೆ. ಅಡುಗೆ ಸೋಡಾ ಅದಕ್ಕೆ ಸಾಲದು. ಕೈಗವಸು ಹಾಕಿ, ಅಲ್ಯೂಮಿನಿಯಂ ಪಾತ್ರೆ ಬೇಡ, ಅದನ್ನು ಸೋಡಾ ತಿನ್ನುತ್ತದೆ. ಮೇಲೆ ಕಟ್ಟಿದ ಚಿಪ್ಪು, ಸುಣ್ಣದ ಗಟ್ಟಿ ಒಡೆಯಬೇಡಿ, ಒಳಗಿನ ಆಕಾರ ಕೆಲವೊಮ್ಮೆ ಆ ಗಟ್ಟಿಯಲ್ಲಿ ಮಾತ್ರ ಉಳಿದಿರುತ್ತದೆ. ಒಂದು ಗುಂಡಿಗೆ ತಿಂಗಳುಗಟ್ಟಲೆ, ಫಿರಂಗಿಗೆ ವರ್ಷಗಟ್ಟಲೆ ಇದು ನಡೆಯಬೇಕು. ಆದ್ದರಿಂದ ಮುಳುಗಿಸಿಟ್ಟ ದಿನವೇ ಪುರಾತತ್ವ ಇಲಾಖೆಗೆ ಬರೆಯಿರಿ.

ಹಿತ್ತಾಳೆ ದುರ್ಬೀನು ತೆಗೆದುಕೊಂಡೆ, ‘ಕೆಲ್ವಿನ್ ಆ್ಯಂಡ್ ಹ್ಯೂಸ್, ಲಂಡನ್, 1917’ ಅಂತ ಕೆತ್ತಿದೆ. ಅಸಲಿಯಾ?

ಅಲ್ಲ. ಕೆಲ್ವಿನ್ ಮತ್ತು ಹ್ಯೂಸ್ ಎಂಬ ಎರಡು ಸಂಸ್ಥೆಗಳು ಒಂದಾದದ್ದೇ 1947ರಲ್ಲಿ. 1917ರಲ್ಲಿ ಆ ಜೋಡಿ ಹೆಸರಿಗೆ ಅಸ್ತಿತ್ವವೇ ಇಲ್ಲ. ಇಂಥವು ಅಲಂಕಾರಕ್ಕೆಂದು ಈಗ ತಯಾರಾಗುವ ವಸ್ತುಗಳು. ಇಸವಿಯನ್ನು ದೊಡ್ಡದಾಗಿ ಕೆತ್ತಿದ ಯಾವ ಸಾಮಾನನ್ನೂ ಅನುಮಾನದಿಂದ ನೋಡಿ. ನಿಜವಾದ ಸೈನ್ಯದ ಉಪಕರಣದಲ್ಲಿ ಗುರುತು ಸಣ್ಣದು, ಕ್ರಮಸಂಖ್ಯೆ ಇರುತ್ತದೆ, ಕೈ ಹಿಡಿಯುವ ಜಾಗದಲ್ಲೇ ಸವೆತವಿರುತ್ತದೆ. ನಕಲಿಯಲ್ಲಿ ಎಲ್ಲ ಕಡೆ ಒಂದೇ ತೆರನ ಕಪ್ಪು. ಎರಕ ಹೊಯ್ದ ನಕಲಿ ಪದಕಕ್ಕೂ ಭೂತಗನ್ನಡಿಯಲ್ಲಿ ಇದೇ ಪರೀಕ್ಷೆ: ಅಕ್ಷರಗಳ ಸುತ್ತ ಪುಟ್ಟ ಗುಳ್ಳೆ, ಅಂಚಿನಲ್ಲಿ ಅರದ ಗೆರೆ.

ವೀರಗಲ್ಲು ಕೂಡ ಯುದ್ಧದ ಅವಶೇಷವೇ ಅಲ್ವಾ? ಓದುವುದು ಹೇಗೆ?

ಹೌದು, ನಮ್ಮಲ್ಲಿ ಎಲ್ಲಕ್ಕಿಂತ ಹಳೆಯ ಸೈನಿಕ ಸ್ಮಾರಕ ಅದೇ. ಕೆಳಗಿನಿಂದ ಮೇಲೆ ಓದಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಆಯುಧ, ಗುರಾಣಿಯ ಆಕಾರ, ಕುದುರೆ ಇದೆಯೇ ಎಂಬುದನ್ನು ಕೆಳಪಟ್ಟಿಯಲ್ಲಿ ನೋಡಿ. ಉಡುಪಿಯ ಪಕ್ಕದ ಉದ್ಯಾವರದ ಕಲ್ಲುಗಳು ಇನ್ನೂ ಮುಖ್ಯ. ಹಿಂದೆ ತುಳುನಾಡನ್ನು ಆಳಿದ ಆಳುಪ ಅರಸರು ಪಟ್ಟಕ್ಕಾಗಿ ತಮ್ಮೊಳಗೇ ಕಾದಾಡಿದಾಗ ಸತ್ತ ವೀರರ ಹೆಸರುಗಳು ಅವುಗಳಲ್ಲಿವೆ. ರಣಸಾಗರ, ಚಿತ್ರವಾಹನ, ಪೃಥ್ವೀಸಾಗರರ ಕಾಲದ ಆ ಜಗಳ ಬೇರೆ ಯಾವ ಗ್ರಂಥದಿಂದಲೂ ನಮಗೆ ಇಷ್ಟು ಹತ್ತಿರದಿಂದ ತಿಳಿಯುವುದಿಲ್ಲ.

ಅಕ್ಷರ ಕಾಣಲೆಂದು ಸುಣ್ಣ, ಚಾಕ್, ಎಣ್ಣೆ ಬಳಿಯಬೇಡಿ, ತಂತಿ ಬ್ರಷ್‌ನಲ್ಲಿ ಪಾಚಿ ಕೆರೆಯಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾದು ಪಟ ತೆಗೆದರೆ, ನಡುಹಗಲು ಬರೀ ಕಲ್ಲಾಗಿ ಕಂಡದ್ದರಲ್ಲಿ ಸಾಲುಗಳು ಎದ್ದು ಬರುತ್ತವೆ.

ಉಳ್ಳಾಲದ ಅಬ್ಬಕ್ಕ ಒಬ್ಬಳೇ ರಾಣಿಯಾ?

ಲೆಕ್ಕ ಹಾಕಿ ನೋಡಿ. ಪೋರ್ಚುಗೀಸರೊಂದಿಗಿನ ಕಾದಾಟ 1550ರ ದಶಕದಿಂದ ಶುರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡು ಬರೆದದ್ದು 1623ರಲ್ಲಿ. ನಡುವೆ ಸುಮಾರು ಎಪ್ಪತ್ತು ವರ್ಷ. ಅದಕ್ಕೇ ಆ ಹೆಸರಿನವರು ಒಬ್ಬರಿಗಿಂತ ಹೆಚ್ಚು ಎಂದು ಹಲವು ಇತಿಹಾಸಕಾರರು ವಾದಿಸುತ್ತಾರೆ, ನಮಗೂ ಅದೇ ಸರಿ ಕಾಣುತ್ತದೆ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯಕ್ಕೆ ಹೋಗುವ ಮೊದಲು ಈ ಎರಡು ಇಸವಿಗಳನ್ನು ತಲೆಯಲ್ಲಿಟ್ಟುಕೊಳ್ಳಿ.

ಮಕ್ಕಳಿಗೆ ಆಸಕ್ತಿ ಇಲ್ಲ. ಎಲ್ಲವನ್ನೂ ಮ್ಯೂಸಿಯಮ್ಮಿಗೆ ಕೊಟ್ಟುಬಿಡಲಾ?

ಕೊಡಬಹುದು, ಬಾಯಿಮಾತಿನಲ್ಲಿ ಬೇಡ. ದಾನಪತ್ರ ಬರೆಯಿಸಿ, ಪ್ರತಿ ವಸ್ತುವಿನ ಪಟ ಮತ್ತು ಅಳತೆ ಲಗತ್ತಿಸಿ, ಅವರ ದಾಖಲಾತಿ ಪುಸ್ತಕದ ನಂಬರು ಪಡೆದುಕೊಳ್ಳಿ. ಪ್ರದರ್ಶನಕ್ಕೆ ಇಡುತ್ತಾರೋ, ಉಗ್ರಾಣದಲ್ಲಿಡುತ್ತಾರೋ, ಉಗ್ರಾಣದಲ್ಲಾದರೆ ತೇವ ತಡೆಯಲು ಏನಿದೆ ಎಂದು ಕೇಳುವುದು ನಿಮ್ಮ ಹಕ್ಕು. ಪದಕದೊಂದಿಗೆ ಪತ್ರ, ಪಟ, ಟ್ರಂಕಿನ ಮೇಲಿನ ಬಣ್ಣದ ನಂಬರು, ಎಲ್ಲವೂ ಒಟ್ಟಿಗೇ ಹೋಗಲಿ.

ಜೊತೆಗೆ ಒಂದು ಹಾಳೆ ಇಡಿ: ಯಾರದ್ದು, ಯಾವ ಊರು, ಯಾರು ಹೇಳಿದ್ದು, ಯಾವತ್ತು ಬರೆದದ್ದು. ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ನಮ್ಮ ಮಳೆಗಾಲಕ್ಕೆ ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ.